ಸೋಮವಾರ ಬರಬೇಕಾಗಿದ್ದವಳು

ಇಂಟರ್ನ್‌ಶಿಪ್ ಮಾಡಿದ್ದರಿಂದಲೇ ನನಗೆ ಕೆಲಸ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನಾನು ಇಲ್ಲ ಎನ್ನಲಾರೆ. ಸಿಕ್ಕಿದ್ದು ನಿಜ. ಆದರೆ ಆ ಕೆಲಸಕ್ಕೆ ಅವರು ಕರೆದಿದ್ದು ಬೇರೆಯವಳನ್ನು.

ನಾನು ದೇವದುರ್ಗದವಳು. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದಿದೆ. ಅವ್ವ ಅಂಗನವಾಡಿಯಲ್ಲಿ ಸಹಾಯಕಿ, ಅಪ್ಪ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕೊನೆಯ ಸೆಮಿಸ್ಟರಿನಲ್ಲಿ ಎಲ್ಲರೂ ಎಂಟು ವಾರ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಲೇಬೇಕು, ಸರ್ಟಿಫಿಕೇಟು ತರದವರಿಗೆ ಅಂಕಪಟ್ಟಿ ಇಲ್ಲ ಎಂದು ಕಾಲೇಜಿನ ಬೋರ್ಡಿಗೆ ನೋಟಿಸು ಹಚ್ಚಿದರು. ಎಲ್ಲಿ ಮಾಡಬೇಕು ಎಂಬುದನ್ನು ಅದರಲ್ಲಿ ಬರೆದಿರಲಿಲ್ಲ. ಕೇಳಿದರೆ, "ನೀವೇ ಹುಡುಕ್ಕೊಳ್ರಿ, ಅದೂ ಒಂದು ಕಲಿಕೀನೇ" ಎಂದರು ನಮ್ಮ ಸರ್. ಕ್ಲಾಸಿನ ಅರ್ಧ ಮಂದಿ ಪರಿಚಯದ ಮೆಡಿಕಲ್ ಶಾಪಿನವರಿಂದಲೋ ಗೊಬ್ಬರದ ಅಂಗಡಿಯವರಿಂದಲೋ ಸಹಿ, ಸೀಲು ಹಾಕಿಸಿಕೊಂಡು ಮನೆಯಲ್ಲಿ ಉಳಿದರು. ನಾನೂ ಅದನ್ನೇ ಮಾಡುವವಳಿದ್ದೆ.

ತಡೆದದ್ದು ನನ್ನ ಬೆಂಚಿನ ಗೆಳತಿ. ಅವಳು ಮಾನ್ವಿಯವಳು, ದಿನಾ ಬಸ್ಸಿನಲ್ಲಿ ರಾಯಚೂರಿಗೆ ಬಂದು ಹೋಗುತ್ತಿದ್ದಳು. ಮನೆಯಲ್ಲಿ ದಖ್ಖನಿ ಉರ್ದು, ನಮ್ಮೊಡನೆ ನಮ್ಮಂಥದೇ ಕನ್ನಡ. ಅವಳ ಅಬ್ಬಾ ಮಾನ್ವಿಯ ಬಜಾರಿನಲ್ಲಿ ಹಗ್ಗ, ರಾಶಿ ಮುಚ್ಚುವ ತಾಡಪತ್ರಿ ಮಾರುವ ಅಂಗಡಿ ಇಟ್ಟಿದ್ದರು.

"ಎಂಟು ವಾರ ಸುಳ್ಳ ಸಹಿ ಯಾಕ ಹಾಕಸ್ತಿ?" ಎಂದಳು. "ನಮ್ಮೂರಾಗ ಅಷ್ಟು ಅಕ್ಕಿ ಮಿಲ್ ಅದಾವ. ಅಲ್ಲಿ ಲ್ಯಾಬ್ ಇರ್ತಾವಂತ. ಕೇಳೋಣು ಬಾ. ಬ್ಯಾಡ ಅಂದ್ರ ತಿರುಗಿ ಬಂದ್ರಾತು."

ಮೂರು ಮಿಲ್ಲಿನವರು ಬ್ಯಾಡ ಅಂದರು. ನಾಲ್ಕನೆಯದರಲ್ಲಿ ಒಳಗೆ ಕರೆದರು. ನಾನು ಮಾನ್ವಿಯಲ್ಲಿದ್ದ ನಮ್ಮ ಚಿಗವ್ವನ ಮನೆಯಲ್ಲಿ ಉಳಿದೆ. ಗೆಳತಿಯನ್ನು ಅವಳ ಅಬ್ಬಾ ದಿನಾ ಬೆಳಿಗ್ಗೆ ಸ್ಕೂಟರಿನ ಮೇಲೆ ತಂದು ಗೇಟಿನ ಹತ್ತಿರ ಇಳಿಸಿ, ಅಂಗಡಿ ತೆಗೆಯಲು ಹೋಗುತ್ತಿದ್ದರು. ಸಂಜೆ ಮತ್ತೆ ಬಂದು ಕರೆದೊಯ್ಯುತ್ತಿದ್ದರು. ಒಂದು ದಿನವೂ ತಡಮಾಡಲಿಲ್ಲ. ಹೆಲ್ಮೆಟ್ ತೆಗೆಯದೆ ನನಗೂ ಕೈಯೆತ್ತಿ ಸಲಾಂ ಮಾಡಿ ಹೋಗುತ್ತಿದ್ದರು. ಅವರನ್ನು ನಾನು ಚಾಚಾ ಎನ್ನುತ್ತಿದ್ದೆ.

ಲ್ಯಾಬು ಎಂದರೆ ಮಿಲ್ಲಿನ ಮೂಲೆಯ ಒಂದು ಕೋಣೆ. ಅದನ್ನು ನೋಡಿಕೊಳ್ಳುತ್ತಿದ್ದವರು ದೇವಸುಗೂರಿನ ಕಡೆಯ ಒಬ್ಬ ಹಿರಿಯರು. ಮಿಲ್ಲಿನಲ್ಲಿ ಎಲ್ಲರಿಗೂ ಅವರು ಕಾಕಾ. ಭತ್ತದ ಲಾರಿ ಬಂದರೆ ಚೀಲಚೀಲಕ್ಕೆ ಚುಚ್ಚಿ ಸ್ಯಾಂಪಲ್ ತೆಗೆದು, ಹಸಿ ಎಷ್ಟಿದೆ, ಜೊಳ್ಳು ಎಷ್ಟಿದೆ, ಅಕ್ಕಿ ಮಾಡಿದರೆ ನುಚ್ಚು ಎಷ್ಟಾಗುತ್ತದೆ ಎಂದು ಹೇಳುವುದು ಅವರ ಕೆಲಸ. ಅವರು ಹೇಳಿದ ಮೇಲೆಯೇ ಲಾರಿ ಒಳಗೆ ಬರಬೇಕು ಇಲ್ಲವೇ ತಿರುಗಿ ಹೋಗಬೇಕು.

ಮೊದಲ ವಾರ ನಮಗೆ ಕೋಣೆ ಗುಡಿಸುವುದು, ಸ್ಯಾಂಪಲ್ ಚೀಲಕ್ಕೆ ಚೀಟಿ ಅಂಟಿಸುವುದು ಅಷ್ಟೇ. ಎರಡನೆಯ ವಾರದಿಂದ ಕಾಕಾ ಒಂದೊಂದೇ ಕಲಿಸತೊಡಗಿದರು. ಯಂತ್ರ ಇತ್ತು. ಆದರೆ ಯಂತ್ರಕ್ಕೆ ಕಾಳು ಹಾಕುವ ಮೊದಲು ಅವರು ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ಹಸಿ ಎಷ್ಟೆಂದು ಹೇಳುತ್ತಿದ್ದರು. ಯಂತ್ರ ಆಮೇಲೆ ಹೆಚ್ಚೂಕಡಿಮೆ ಅದನ್ನೇ ತೋರಿಸುತ್ತಿತ್ತು. ನಾನು ಎಷ್ಟು ಕಡಿದರೂ ನನಗೆ ಎಲ್ಲ ಕಾಳೂ ಒಂದೇ. ಗೆಳತಿಗೆ ಹತ್ತು ದಿನದಲ್ಲಿ ತಿಳಿಯಿತು. ಅಷ್ಟರಲ್ಲಿ ರಂಜಾನ್ ಬಂತು. ರೋಜಾ ಇದ್ದುದರಿಂದ ಅವಳು ಕಾಳನ್ನು ಬಾಯಿಗೆ ಹಾಕುವಂತಿರಲಿಲ್ಲ. ಕಿವಿಯ ಹತ್ತಿರ ಹಿಡಿದು, ಎರಡು ಹೆಬ್ಬೆರಳ ಉಗುರಿನ ನಡುವೆ ಒತ್ತಿ ಮುರಿದು, ಅದರ ಸಪ್ಪಳ ಕೇಳಿ ಹೇಳತೊಡಗಿದಳು. ಮೊದಮೊದಲು ತಪ್ಪಿದಳು. ಆಮೇಲೆ ತಪ್ಪಲಿಲ್ಲ.

"ಈಕಿ ಕಿವಿಲೇ ನೋಡ್ತಾಳಲೇ!" ಎಂದು ಕಾಕಾ ಹಮಾಲರನ್ನೆಲ್ಲ ಕರೆದು ತೋರಿಸಿದರು.

ನಾನು ಏನು ಮಾಡುತ್ತಿದ್ದೆ? ಫೋಟೊ ತೆಗೆಯುತ್ತಿದ್ದೆ. ರಿಪೋರ್ಟಿಗೆ ಫೋಟೊ ಬೇಕಿತ್ತು, ಸರಿಯಾದ ಫೋನು ಇದ್ದದ್ದು ನನ್ನ ಹತ್ತಿರ. ಅವಳ ಫೋನು ಹಳೆಯದು. ಅವಳು ದಿನಾ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ನಾನು ಟೈಪ್ ಮಾಡಿ ಇಬ್ಬರ ಹೆಸರಿನಲ್ಲೂ ರಿಪೋರ್ಟು ಕೊಟ್ಟೆ. ಕಾಕಾ ತಮ್ಮ ಮೊಮ್ಮಗನಿಗೆ ತೋರಿಸಬೇಕೆಂದು ತಮ್ಮ ಫೋಟೊಗಳನ್ನು ನನ್ನಿಂದ ಫೋನಿಗೆ ಹಾಕಿಸಿಕೊಂಡರು. ಹಾಗಾಗಿ ಅವರ ಹತ್ತಿರ ಉಳಿದದ್ದು ನನ್ನ ನಂಬರು.

ಪರೀಕ್ಷೆ ಮುಗಿಯಿತು. ಇಬ್ಬರ ಕೈಯಲ್ಲೂ ಒಂದೇ ನಮೂನೆಯ ಸರ್ಟಿಫಿಕೇಟು. ನಾನು ಅದನ್ನು ಹಿಡಿದು ದೇವದುರ್ಗದಿಂದ ರಾಯಚೂರಿಗೆ ಎಷ್ಟು ಸಲ ಬಸ್ಸು ಹತ್ತಿದೆನೋ. ಬೀಜದ ಕಂಪನಿ, ಹತ್ತಿ ಮಿಲ್ಲು, ರಕ್ತ ಪರೀಕ್ಷೆಯ ಲ್ಯಾಬು, ಎಲ್ಲಿಯೂ ಅದನ್ನು ಓದಿ ನೋಡಲಿಲ್ಲ. "ಎಕ್ಸ್‌ಪೀರಿಯನ್ಸ್ ಅದ ಏನು?" ಎನ್ನುವರು. ಎಂಟು ವಾರ ಮಾಡೀನ್ರಿ ಎಂದರೆ, "ಅದು ಕಾಲೇಜಿಂದಲ್ಲವಾ, ಎಲ್ಲಾರೂ ತರ್ತಾರ" ಎನ್ನುವರು. ಮೆಡಿಕಲ್ ಶಾಪಿನಿಂದ ಸಹಿ ತಂದವರದೂ ನನ್ನದೂ ಅವರ ಮೇಜಿನ ಮೇಲೆ ಒಂದೇ ಕಾಗದ. ಓಣಿಯಲ್ಲಿ ಅವ್ವ, "ಡಿಗ್ರಿ ಮುಗಿಸ್ಯಾಳ, ಈಗ ಕರೀತಾರ" ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದಳು. ನೀರಿಗೆ ಹೋದಲ್ಲಿ, ಕಿರಾಣಿಗೆ ಹೋದಲ್ಲಿ, "ಕರದ್ರೇನವಾ?" ಎಂಬ ಒಂದೇ ಮಾತು.

ಮೂರು ತಿಂಗಳಾದ ಮೇಲೆ ಒಂದು ಗುರುವಾರ ಮಧ್ಯಾಹ್ನ ಕಾಕಾ ಫೋನು ಮಾಡಿದರು. ಅವ್ವ ಎದುರಿಗೇ ಕೂತು ಬೇಳೆ ಆರಿಸುತ್ತಿದ್ದಳು.

"ಯವ್ವಾ, ಲ್ಯಾಬಿಗೆ ಒಬ್ಬರನ್ನ ತಗೊಳ್ಳಾಕತ್ತಾರ. ಮಾಲಕರಿಗೆ ನಾನು ಹೇಳೀನಿ. ಸೋಮವಾರ ಬರ್ಬೇಕು."

ನಾನು ಎದ್ದು ನಿಂತುಬಿಟ್ಟೆ. "ಬರ್ತೀನ್ರಿ ಕಾಕಾ" ಎಂದೆ.

"ನೀ ಅಲ್ಲವಾ. ನಿನ್ನ ಜೋಡಿ ಇದ್ದಳಲ್ಲ, ಕಿವಿಲೇ ಕಾಳು ನೋಡಾಕಿ. ಆಕಿ ನಂಬರ್ ನನ್ನ ಕಡಿ ಇಲ್ಲ. ನೀವು ಕೊಟ್ಟ ಫಾರಮ್ಮು ಎಲ್ಲಿ ಹೋದ್ವೋ ಆಫೀಸಿನ್ಯಾಗ ಸಿಗವಲ್ವು. ನೀ ಒಂದೀಟು ಆಕಿಗೆ ಹೇಳು. ಮುದ್ದಾಂ ಹೇಳು."

"ಹೂಂನ್ರಿ" ಎಂದು ಫೋನು ಇಟ್ಟೆ. ಅವ್ವ ಮೊರ ಕೆಳಗಿಟ್ಟು, "ಯಾರದು? ಮಿಲ್ಲಿನ್ಯಾವ್ರಾ? ಕರದ್ರಾ?" ಎಂದು ಕೇಳಿದಳು. ನಾನು ಮೊದಲು ಬರ್ತೀನ್ರಿ ಎಂದದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಆ ಮುಖ ನೋಡಿ ನನ್ನ ಬಾಯಿಂದ, "ಹೂಂ ಬೇ, ಸೋಮವಾರ ಬಾ ಅಂದಾರ" ಎಂಬ ಮಾತು ಬಂತು. ಆ ಹೊತ್ತಿನಲ್ಲಿ ಅದು ಸುಳ್ಳು ಅನ್ನಿಸಲಿಲ್ಲ. ಸಂಜೆಗೆ ಹೇಳಿದರಾಯಿತು, ತಪ್ಪು ತಿಳಿದುಕೊಂಡಿದ್ದೆ ಎಂದರಾಯಿತು ಎಂದುಕೊಂಡೆ. ಸಂಜೆಯೊಳಗೆ ಅವ್ವ ನಾಲ್ಕು ಮನೆಗೆ ಸಕ್ಕರೆ ಹಂಚಿ ಬಂದಿದ್ದಳು.

ಇದನ್ನು ನೆಪವಾಗಿ ಹೇಳುತ್ತಿಲ್ಲ. ಶುಕ್ರವಾರ, ಶನಿವಾರ, ಭಾನುವಾರ, ಮೂರು ದಿನ ನನ್ನ ಕೈಯಲ್ಲಿದ್ದವು. ಶನಿವಾರ ಗೆಳತಿಯೇ ಮೆಸೇಜು ಮಾಡಿದಳು. "ಎಲ್ಯಾರ ಕರದ್ರೇನಲೇ? ನಂಗಂತೂ ಎಲ್ಲೂ ಇಲ್ಲ. ಅಬ್ಬಾ ಅಂಗಡ್ಯಾಗ ಕುಂದ್ರಾಕತ್ತೀನಿ." ನಾನು ಅದನ್ನು ಓದಿದೆ. "ಇನ್ನೂ ಇಲ್ಲ" ಎಂದು ಬರೆದು ಕಳಿಸಿದೆ. ನನ್ನ ಜೀವನದಲ್ಲಿ ಇಷ್ಟು ಕೆಟ್ಟ ಎರಡು ಪದಗಳನ್ನು ನಾನು ಬೇರೆ ಬರೆದಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಸಿರವಾರದ ಮೇಲೆ ಹಾದು ಮಾನ್ವಿಗೆ ಬಂದೆ. ಲ್ಯಾಬಿನ ಬಾಗಿಲಲ್ಲಿ ಕಾಕಾ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದರು.

"ಆಕಿ ಎಲ್ಲಿ?"

"ಅವರ ಮನ್ಯಾಗ ಒಲ್ಲೆಂದ್ರಂತ್ರಿ ಕಾಕಾ. ಅವರಪ್ಪ ಕಳ್ಸಂಗಿಲ್ಲಂತ. ಅದಕ್ಕ ನಾನರ ಕೇಳೋಣಂತ ಬಂದೆ."

ಬಸ್ಸಿನಲ್ಲಿ ನಾನು ಇದಕ್ಕೆ ಎಷ್ಟೋ ತಯಾರಿ ಮಾಡಿಕೊಂಡಿದ್ದೆ. ಯಾಕೆ ಒಲ್ಲೆಂದರು, ಯಾವಾಗ ಒಲ್ಲೆಂದರು, ನಾನು ಹೋಗಿ ಹೇಳಲೇನು ಎಂದು ಅವರು ಕೇಳಿದರೆ ಏನು ಹೇಳಬೇಕೆಂದು ಯೋಚಿಸಿದ್ದೆ. ಯಾರೂ ಒಂದು ಮಾತೂ ಕೇಳಲಿಲ್ಲ. ಮಾಲಕರು ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ, "ಅವರ ಮಂದ್ಯಾಗ ಹಂಗೇ ಬಿಡ್ರಿ" ಎಂದರು. ಕಾಕಾ, "ಪಾಪ, ಚಲೋ ಹುಡುಗಿ" ಎಂದರು. ಅಷ್ಟಕ್ಕೇ ನನ್ನ ಕೆಲಸ ಖಾಯಂ ಆಯಿತು.

ಎಂಟು ವಾರ ಬಿಸಿಲಿನಲ್ಲಿ ಮಗಳನ್ನು ತಂದು ಇಳಿಸಿದ್ದ ಮನುಷ್ಯನ ಮೇಲೆ ನಾನು ಆ ಮಾತು ಹೊರಿಸಿದ್ದೆ. ಬೇರೆ ಯಾವ ಸುಳ್ಳು ಹೇಳಿದ್ದರೂ ಮಿಲ್ಲಿನವರು ನಂಬುತ್ತಿರಲಿಲ್ಲವೇನೋ. ಇದನ್ನು ಮಾತ್ರ ನಂಬುತ್ತಾರೆಂದು ನನಗೆ ಒಳಗೊಳಗೇ ಗೊತ್ತಿತ್ತು. ಗೊತ್ತಿದ್ದೇ ಆರಿಸಿಕೊಂಡೆ.

ತಿಂಗಳೊಳಗೆ ಗೆಳತಿಗೆ ಸುದ್ದಿ ತಿಳಿಯಿತು. "ಮುಬಾರಕ್ ಲೇ. ಹೆಂಗ ಸಿಕ್ತು?" ಎಂದು ಬರೆದಳು. "ಅವ್ರೇ ಕರದ್ರು" ಎಂದೆ. ಅದಾದ ಮೇಲೆ ಅವಳು ಏನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಕೆಲಸ ಕಲಿತೆ. ಕಾಕಾ ತಾಳ್ಮೆಯಿಂದ ಕಲಿಸಿದರು. ಹಲ್ಲಿನಲ್ಲಿ ಕಡಿದು ಹೇಳುವುದು ನನಗೆ ಕೊನೆಗೂ ಬರಲಿಲ್ಲ, ಯಂತ್ರವನ್ನೇ ನಂಬಿಕೊಂಡೆ. ಅವರು ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ನಾನು ರಾಯಚೂರಿನ ದೊಡ್ಡ ಮಿಲ್ಲೊಂದರ ಲ್ಯಾಬಿಗೆ ಬಂದೆ. ಮಾನ್ವಿಯ ಅನುಭವ ಇದೆ ಎಂದು ಅವರು ಕೂಡಲೇ ತೆಗೆದುಕೊಂಡರು. ಅವ್ವನಿಗೆ ಒಂದು ಹೊಸ ಮಿಕ್ಸರ್ ಕೊಡಿಸಿದೆ. ನಾನು ಓಡಾಡುವಾಗ ಮಾನ್ವಿಯ ಬಜಾರಿನ ದಾರಿ ತಪ್ಪಿಸಿ ಹೋಗುತ್ತಿದ್ದೆ ಎಂಬುದು ಯಾರಿಗೂ ಗೊತ್ತಾಗುವ ವಿಷಯವಾಗಿರಲಿಲ್ಲ.

ಈ ವರ್ಷ ನನ್ನ ಹಳೆಯ ಕಾಲೇಜಿನ ಸರ್ ಫೋನು ಮಾಡಿದರು. ಹುಡುಗರು ಇಂಟರ್ನ್‌ಶಿಪ್ ಎಂದರೆ ಮೂಗು ಮುರಿಯುತ್ತಾರೆ, ಇದರಿಂದ ಕೆಲಸ ಸಿಕ್ಕವರು ಒಬ್ಬರಾದರೂ ಬಂದು ಹೇಳಿದರೆ ಚೆನ್ನ ಎಂದರು. "ನಮ್ಮಲ್ಲಿ ಹಂಗ ಸಿಕ್ಕಾಕಿ ನೀ ಒಬ್ಬಾಕೀನೇ ನೋಡವಾ" ಎಂದು ನಕ್ಕರು. ಒಲ್ಲೆ ಎನ್ನಬೇಕಿತ್ತು. ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಹೋದೆ.

ಭತ್ತದ ಬಗ್ಗೆ, ಲ್ಯಾಬಿನ ಬಗ್ಗೆ ಹೇಳಿದೆ. ಶ್ರದ್ಧೆಯಿಂದ ಮಾಡಿದರೆ ಅವರೇ ಕರೆಯುತ್ತಾರೆ ಎಂದೂ ಹೇಳಿದೆ. ಚಪ್ಪಾಳೆ ತಟ್ಟಿದರು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು:

"ಮೇಡಂ, ನಿಮ್ಮ ಜೋಡಿ ಮಾಡಿದವ್ರಿಗೂ ಅಲ್ಲೇ ಸಿಕ್ತೇನ್ರಿ?"

"ಇಲ್ಲ," ಎಂದೆ. "ಅವರಿಗೆ ಮನೆಯಲ್ಲಿ ಬಿಡಲಿಲ್ಲ."

ಎರಡು ವರ್ಷದ ನಂತರವೂ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿ ಮುಗಿಸಿದ ಮೇಲೆ ನನಗೇ ಭಯವಾಯಿತು.

ಕಾರ್ಯಕ್ರಮ ಮುಗಿದು ಹೊರಗೆ ಬಂದಾಗ ಬುರ್ಖಾ ಹಾಕಿಕೊಂಡಿದ್ದ ಒಬ್ಬ ವಿದ್ಯಾರ್ಥಿನಿ ಮೆಟ್ಟಿಲಿನ ಹತ್ತಿರ ಕಾಯುತ್ತಿದ್ದಳು. ಕೈಯಲ್ಲಿ ಇಂಟರ್ನ್‌ಶಿಪ್ಪಿನ ಫಾರಮ್ಮು.

"ಮೇಡಂ, ನಿಮ್ಮ ಮಿಲ್ಲಿಗೆ ನನ್ನ ತಗೊಳ್ರಿ. ನಮ್ಮ ಮನ್ಯಾಗ ಬಿಡ್ತಾರ್ರಿ," ಎಂದಳು. ಆಮೇಲೆ ಮತ್ತೊಮ್ಮೆ, ನಾನು ನಂಬಲಿಲ್ಲವೆಂದುಕೊಂಡು, "ಖರೇನೇ ಬಿಡ್ತಾರ್ರಿ. ಬೇಕಂದ್ರ ಅಬ್ಬಾಗ ಫೋನ್ ಹಚ್ಚಿ ಕೊಡ್ತೀನಿ, ನೀವೇ ಕೇಳ್ರಿ" ಎಂದಳು.

ನಾನು ಅವಳ ಫಾರಮ್ಮಿಗೆ ಅಲ್ಲೇ ಸಹಿ ಮಾಡಿದೆ. ನಾನು ವೇದಿಕೆಯ ಮೇಲೆ ಆಡಿದ ಒಂದು ಮಾತಿಗೆ, ನನ್ನನ್ನು ಹಿಂದೆಂದೂ ನೋಡಿರದ ಹುಡುಗಿ ತನ್ನ ಅಬ್ಬಾನ ಪರವಾಗಿ ಸಾಕ್ಷಿ ಹೇಳಬೇಕಾಗಿ ಬಂದಿತ್ತು.

ಮರುದಿನ ರಜೆ ಹಾಕಿ ಮಾನ್ವಿಗೆ ಹೋದೆ. ಚಾಚಾ ಅಂಗಡಿಯಲ್ಲಿದ್ದರು. ಬಾಗಲವಾಡದ ರೈತನೊಬ್ಬನಿಗೆ ತಾಡಪತ್ರಿ ಬಿಡಿಸಿ ತೋರಿಸುತ್ತಿದ್ದರು. ನನ್ನನ್ನು ನೋಡಿದೊಡನೆ ಗುರುತು ಹಿಡಿದರು. ಮುಖ ಬಿಗಿಯಿತು. ಆದರೂ, "ಬಾ ಬೇಟಿ, ಕುಂದ್ರು" ಎಂದು ಸ್ಟೂಲು ಸರಿಸಿದರು. ರೈತ ಹೋಗುವವರೆಗೆ ಕಾದು, ನಾನು ಎಲ್ಲವನ್ನೂ ಹೇಳಿದೆ. ಕಾಕಾನ ಫೋನು, ಶನಿವಾರದ ಮೆಸೇಜು, ಅವರ ಹೆಸರಿನಲ್ಲಿ ನಾನು ಹೇಳಿದ್ದು.

"ಗೊತ್ತದ" ಎಂದರು.

ನನಗೆ ತಿಳಿಯಲಿಲ್ಲ. ಅವರೇ ಹೇಳಿದರು. "ಒಂದು ವರ್ಷದ ಮ್ಯಾಲೆ ನಿಮ್ಮ ಕಾಕಾ ಹಗ್ಗ ತಗೊಳ್ಳಾಕ ಬಂದಿದ್ರು. ಮಗಳು ಇಲ್ಲೇ ಕುಂತಿದ್ಳು. ಆಕಿ ಒಳಗ ಹೋದ ಮ್ಯಾಲೆ ಅವ್ರು, ಅಷ್ಟು ಓದ್ಸಿ ಯಾಕ ಮನ್ಯಾಗ ಕೂಡ್ಸಿದ್ರಿ, ಕರದ್ರ ಕಳ್ಸಬೇಕಿತ್ತು, ನೀವು ಒಲ್ಲೆಂದ್ರಂತ ಆಕಿ ಗೆಳತಿ ಬಂದು ಹೇಳಿದ್ಳು ಅಂದ್ರು. ಕರದಿದ್ದೇ ನಂಗ ಅವತ್ತು ಗೊತ್ತಾತು."

"ನೀವು ಹೇಳ್ಬೇಕಿತ್ತಲ್ರಿ ಚಾಚಾ, ನಾ ಒಲ್ಲೆಂದಿಲ್ಲ ಅಂತ."

ಅವರು ಹಗ್ಗದ ತುದಿ ಸುತ್ತತೊಡಗಿದರು. "ಹೇಳಿದ್ರ ಅವ್ರು ನಂಬ್ತಿದ್ರೇನು? ಈಗ ಸಬೂಬು ಹೇಳಾಕತ್ತಾನ ಅಂತಿದ್ರು. ಅದಕ್ಕ ಏನೂ ಅನ್ಲಿಲ್ಲ. ಹಗ್ಗ ಕೊಟ್ಟು ಕಳ್ಸಿದೆ."

ನಾನು ಅಳತೊಡಗಿದೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಗಿರಾಕಿಯೊಬ್ಬ ಬಂದು ನೋಡಿ ತಿರುಗಿ ಹೋದ. ಕೊನೆಗೆ, "ಏನ್ ಮಾಡ್ಲಿ ಹೇಳ್ರಿ ಚಾಚಾ" ಎಂದೆ.

"ನಂಗೇನ್ ಕೇಳ್ತಿ? ಯಾರ ಮುಂದ ಹೇಳಿದ್ಯೋ ಅವರ ಮುಂದ ಹೋಗಿ, ಆಕಿ ಅಪ್ಪ ಬ್ಯಾಡ ಅಂದಿದ್ದಿಲ್ಲ ಅಂತ ಹೇಳು. ಅಷ್ಟು ಮಾಡು, ಸಾಕು."

ಗೆಳತಿ ಕಲ್ಲೂರಿನ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದಳು. ಸಂಜೆ ಬರುತ್ತಾಳೆ ಎಂದರು. ಕಾದೆ. ಬಸ್ಸಿನಿಂದ ಇಳಿದವಳು ಅಂಗಡಿಯ ಮುಂದೆ ನನ್ನನ್ನು ಕಂಡು ನಿಂತಳು. ಕೈಯಲ್ಲಿ ಮಕ್ಕಳ ನೋಟ್‌ಬುಕ್ಕುಗಳ ಚೀಲ. ನಾನು ಏನು ಹೇಳಲು ಬಂದಿದ್ದೇನೆಂದು ಅವಳಿಗೂ ಗೊತ್ತಿತ್ತು.

"ಒಂದು ವರ್ಷ ನಾ ಏನಂದ್ಕೊಂಡಿದ್ದೆ ಗೊತ್ತೇನು?" ಎಂದಳು. ಅವಳ ದನಿ ಏರಲಿಲ್ಲ. "ರೋಜಾದಾಗ ಕಾಳು ಕಡೀಲಿಲ್ಲಲ್ಲ, ಅದಕ್ಕ ಕಾಕಾ ನನ್ನ ಬಿಟ್ಟು ನಿನ್ನ ಕರದ್ರು ಅಂತ. ಒಂದು ಸಲ ಹೋಗಿ ಕೇಳಿದ್ರ ಆಗ್ತಿತ್ತು. ಶರಮ್ ಆಗಿ ಹೋಗ್ಲಿಲ್ಲ."

"ತಪ್ಪಾತಲೇ."

"ಹೂಂ, ಆಗ್ಯದ." ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ನಂಗ ಹೇಳಿದ್ರ ನಾನೇ ಒಂದಿನ ಬಿಟ್ಟುಕೊಡ್ತಿದ್ನೇನೋ. ಕೊಡ್ತಿದ್ದಿಲ್ಲೇನೋ. ಅದನ್ನೂ ನೀ ನನ್ನ ಕೇಳ್ಲಿಲ್ಲ." ಹಾಗೆಂದು ಒಳಗೆ ಹೋದಳು. ಚಾಚಾ ಬಸ್ಸಿನ ಹೊತ್ತಾಯಿತು ಎಂದು ನೆನಪಿಸಿದರು.

ಮೊದಲು ಮಾನ್ವಿಯ ಮಿಲ್ಲಿನ ಮಾಲಕರ ಹತ್ತಿರ ಹೋದೆ. ಅವರಿಗೆ ಆ ಹುಡುಗಿಯ ನೆನಪೇ ಇರಲಿಲ್ಲ. ನಾನು ಹೇಳಿದ್ದು ಕೇಳಿ, "ಹಳೇ ಮಾತು ಬಿಡವಾ. ಈಗ ಏನ್, ತಿರುಗಿ ನಮ್ಮಲ್ಲಿ ಬರ್ತಿಯೇನು?" ಎಂದು ಕೇಳಿದರು. ಅವರ ಮಂದ್ಯಾಗ ಹಂಗೇ ಎಂದು ತಾವು ಅಂದಿದ್ದೂ ಅವರಿಗೆ ನೆನಪಿರಲಿಲ್ಲ.

ಭಾನುವಾರ ದೇವಸುಗೂರಿಗೆ ಹೋದೆ. ಕಾಕಾ ಕಣ್ಣಿನ ಆಪರೇಷನ್ ಆಗಿ ಕಟ್ಟೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಬೈಯುತ್ತಾರೆಂದುಕೊಂಡಿದ್ದೆ.

"ನೀ ಹೇಳಿದಿ, ನಾ ಹೂಂ ಅಂದೆ," ಎಂದರು. "ಗೇಟಿನ ಮುಂದ ದಿನಾ ಸ್ಕೂಟರ್ ನಿಲ್ಲೋದು ನೋಡೀನಿ ನಾನು. ಕಣ್ಣಾರೆ ನೋಡಿ, ನಿನ್ನ ಮಾತು ನಂಬಿದೆ. ಆ ಮನಷ್ಯಾನ ಅಂಗಡಿಗೆ ಹೋಗಿ ಬುದ್ಧಿ ಬ್ಯಾರೆ ಹೇಳಿ ಬಂದೆ."

ನಂಬರು ಹಚ್ಚಿ ಕೊಡು ಎಂದರು. ನಾನು ಚಾಚಾನ ನಂಬರು ಹಚ್ಚಿ ಫೋನು ಅವರ ಕೈಗೆ ಕೊಟ್ಟೆ. "ನಮಸ್ಕಾರ್ರಿ, ಮಿಲ್ಲಿನ ಕಾಕಾ ಮಾತಾಡಾಕತ್ತೀನಿ. ನನ್ನ ಕಡಿಂದ ತಪ್ಪಾಗ್ಯದ. ಅವತ್ತು ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು ನಾನು" ಎಂದರು. ಆ ಕಡೆಯಿಂದ ಏನು ಹೇಳಿದರೋ ನನಗೆ ಕೇಳಲಿಲ್ಲ. ಕಾಕಾ ಬಹಳ ಹೊತ್ತು ಹೂಂ, ಹೂಂ ಎನ್ನುತ್ತಿದ್ದರು. ಆಮೇಲೆ ಗೆಳತಿಯೊಡನೆಯೂ ಮಾತಾಡಿದರು. ಲ್ಯಾಬಿನ ಕೆಲಸ ಎಲ್ಲಾದರೂ ಖಾಲಿ ಇದ್ದರೆ ಈಗಲೂ ಹೇಳುತ್ತೇನೆ ಎಂದರು. ಮಕ್ಕಳ ಪರೀಕ್ಷೆ ಮುಗಿಯಲಿ, ಆಮೇಲೆ ನೋಡುತ್ತೇನೆ ಎಂದಳಂತೆ.

ನಾನು ಕೆಲಸ ಬಿಡಲಿಲ್ಲ. ಬಿಡಬೇಕೆಂದು ಎರಡು ದಿನ ಯೋಚಿಸಿದೆ. ಮನೆಗೆ ಕಳಿಸುವುದನ್ನು ನೆನೆದು ಸುಮ್ಮನಾದೆ. ಅವ್ವನಿಗೂ, ಕಾಲೇಜಿನಲ್ಲಿ ನನ್ನ ಮಾತು ಕೇಳಿದವರಿಗೂ ಇದಾವುದನ್ನೂ ಇನ್ನೂ ಹೇಳಿಲ್ಲ.

ಫಾರಮ್ಮು ಹಿಡಿದು ಬಂದಿದ್ದ ಹುಡುಗಿ ಈಗ ನಮ್ಮ ಲ್ಯಾಬಿನಲ್ಲಿದ್ದಾಳೆ. ನನಗೆ ಗೊತ್ತಿರುವುದನ್ನೆಲ್ಲ ಅವಳಿಗೆ ಕಲಿಸುತ್ತಿದ್ದೇನೆ. ಎಂಟು ವಾರ ಮುಗಿದ ಮೇಲೆ ಅವಳಿಗೆ ಇಲ್ಲಿ ಕೆಲಸ ಸಿಗುತ್ತದೆಯೇ ಎಂದು ಅವಳು ಮೊನ್ನೆ ಕೇಳಿದಳು. ಗೊತ್ತಿಲ್ಲ ಎಂದೆ. ಮ್ಯಾನೇಜರಿಗೆ ಹೇಳಿದ್ದೇನೆ, ಇಲ್ಲಿಯವರೆಗೆ ಅವರು ಏನೂ ಹೇಳಿಲ್ಲ.